ಫಾರಂ 4ರಲ್ಲಿ ಕಿಡ್ನಿ ಅನ್ನೋ ಪದಾನೇ ಇಲ್ಲ

ಸಂಪಾದಕರೇ,

ನಮ್ಮ ದೊಡ್ಡಪ್ಪ ತೀರ್ಕೊಂಡು ಮೂರು ತಿಂಗಳಾಯ್ತು, ಊರಲ್ಲಿ ಎಲ್ರೂ ಹೇಳೋದು ಒಂದೇ, ಹಾರ್ಟ್ ಅಟ್ಯಾಕ್ ಆಗೋಯ್ತಂತೆ ಅಂತ. ಸಾವಿನ ಕಾರಣ ಬರೆದು ಆಸ್ಪತ್ರೆಯೋರು ಕೊಡೋ ಫಾರಂ 4ರಲ್ಲೂ ಕಾರ್ಡಿಯಾಕ್ ಅರೆಸ್ಟ್, ಅಂದ್ರೆ ಹಾರ್ಟ್ ನಿಂತೋಯ್ತು, ಅಂತ ಒಂದೇ ಸಾಲು. ಅಲ್ಲಾ ಸಾರ್, ಯಾರೇ ಸತ್ರೂ ಕೊನೆಗೆ ನಿಲ್ಲೋದು ಹಾರ್ಟೇ ಅಲ್ವಾ?

ಅವರಿಗೆ ಕಿಡ್ನಿ ಕೆಟ್ಟು ನಾಲ್ಕು ವರ್ಷದಿಂದ ಡಯಾಲಿಸಿಸ್ ನಡೀತಿತ್ತು, ಅಂದ್ರೆ ಮೆಷಿನ್ನಲ್ಲಿ ರಕ್ತ ಶುದ್ಧ ಮಾಡೋದು. ವಾರಕ್ಕೆ ಮಂಗಳವಾರ ಶುಕ್ರವಾರ ಎರಡೇ ಸಲ, ಮೂರು ಸಲ ಮಾಡಿಸಿ ಅಂತ ಡಾಕ್ಟ್ರು ಅಂದಿದ್ರು ಆದ್ರೆ ಬಸ್ಸಲ್ಲಿ ಹೋಗಿ ಬರೋಷ್ಟ್ರಲ್ಲಿ ಜೊತೆಗೆ ಹೋದೋರ ಕೂಲಿನೂ ಹೋಗ್ತಿತ್ತು. ಹೋದ ವರ್ಷ ಇಸಿಜಿಲಿ ಏಟ್ರಿಯಲ್ ಫಿಬ್ರಿಲೇಷನ್ ಅಂತ ಬಂತು, ಅಂದ್ರೆ ಬಡಿತ ತಾಳ ತಪ್ಪಿತ್ತು. ಇವೆರಡೂ ಒಟ್ಟಿಗಿದ್ರೆ ಡಾಕ್ಟ್ರಿಗೂ ಪೇಚಾಟ, ರಕ್ತ ತೆಳು ಮಾಡೋ ಮಾತ್ರೆ ಕೊಡದಿದ್ರೆ ಹೆಪ್ಪುಗಟ್ಟಿ ಸ್ಟ್ರೋಕ್ ಆಗೋ ಭಯ, ಕೊಟ್ರೆ ಕಿಡ್ನಿ ಪೇಶೆಂಟಿಗೆ ಬ್ಲೀಡಿಂಗ್ ಭಯ. ರಕ್ತದಲ್ಲಿ ಪೊಟ್ಯಾಸಿಯಂ ಕಾಟ ಬೇರೆ. 3.5ರಿಂದ 5ರೊಳಗೆ ಇರ್ಬೇಕಾದ್ದು ಒಂದು ಡಯಾಲಿಸಿಸ್‌ಗೂ ಇನ್ನೊಂದಕ್ಕೂ ಗ್ಯಾಪ್ ಉದ್ದ ಆದಷ್ಟೂ ಏರ್ತಾ ಹೋಗುತ್ತೆ, ಮಿತಿಮೀರಿದ್ರೆ ಬಡಿತಾನೇ ನಿಲ್ಸಿಬಿಡುತ್ತೆ. ನಮ್ಮೋರೋ, ನೋಡೋಕೆ ಬಂದೋರೆಲ್ಲ ಪ್ರೀತಿಯಿಂದ ಎಳನೀರು ತರೋರು! ಅದ್ರಲ್ಲಿ ಪೊಟ್ಯಾಸಿಯಂ ತುಂಬಿರುತ್ತೆ ಅಂತ ಡಯಟೀಷಿಯನ್ ಬೈಯೋವರೆಗೂ ನಮಗೂ ಗೊತ್ತಿರ್ಲಿಲ್ಲ.

ಅವರು ಹೋಗಿದ್ದು ಸೋಮವಾರ ರಾತ್ರಿ, ಶುಕ್ರವಾರದಿಂದ ಮೂರು ದಿನ ಆಗಿತ್ತು. ಕಾರಣ ಅದೇ ಅಂತ ನಾನ್ ಹೇಳಲ್ಲ, ಆದ್ರೆ ವಾರಕ್ಕೆ ಮೂರು ಸಲ ಮಾಡಿಸ್ಕೊಳ್ಳೋ ಅಮೆರಿಕಾದ ರೋಗಿಗಳಲ್ಲೇ ಎರಡು ದಿನದ ಗ್ಯಾಪ್ ಆದ ಮಾರನೇ ದಿನ ಸಾವು ಜಾಸ್ತಿ ಅಂತ 2011ರಲ್ಲೇ ಸ್ಟಡಿ ಬಂದಿದೆ. ಅಲ್ಲಿ ಡೆತ್ ಸರ್ಟಿಫಿಕೇಟಲ್ಲಿ ಬರೆದ ಎಲ್ಲಾ ಕಾಯಿಲೆನೂ ಲೆಕ್ಕಕ್ಕೆ ತಗೋತಾರೆ, ಹಂಗಾಗಿ ಕಿಡ್ನಿ, ಬಡಿತ ಎರಡೂ ಸೇರಿ ಎಷ್ಟು ಜನ ಹೋದ್ರು ಅಂತ ಎಣಿಸೋಕಾಗುತ್ತೆ. ನಮ್ಮಲ್ಲಿ ಬರೆದಿದ್ರೆ ತಾನೇ ಎಣಿಸೋದು.

ಫಾರಂ ಏನೋ ಚೆನ್ನಾಗೇ ಇದೆ. ಫಾರಂ 4ರಲ್ಲೇ ಅಚ್ಚು ಹಾಕಿದೆ, ಸಾವಿಗೆ ಕಾರಣವಾದ ರೋಗ ಬರೀರಿ, ಹಾರ್ಟ್ ಫೇಲ್ಯೂರ್ ತರ ಸತ್ತ ರೀತಿ ಬರೀಬೇಡಿ ಅಂತ. ಮೊದಲ್ನೇ ಭಾಗದಲ್ಲಿ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ಮೂಲ, ಎರಡನೇ ಭಾಗದಲ್ಲಿ ಜೊತೆಗಿದ್ದ ಬೇರೆ ಕಾಯಿಲೆಗಳು. ಜನನ ಮರಣ ನೋಂದಣಿ ಕಾಯ್ದೆಗೆ 2023ರ ತಿದ್ದುಪಡಿ ಆದ್ಮೇಲೆ ಇದರ ಕಾಪಿ ಹತ್ತಿರದ ಸಂಬಂಧಿಕರಿಗೂ ಕೊಡ್ಬೇಕು, ನಾವು ಎರಡು ಸಲ ಅಲೆದು ಕೇಳಿ ತಗೊಂಡ್ವಿ. ಎರಡನೇ ಭಾಗ ಪೂರ್ತಿ ಖಾಲಿ. ನಾಲ್ಕು ವರ್ಷದ ಡಯಾಲಿಸಿಸ್ ಫೈಲು ಅದೇ ಆಸ್ಪತ್ರೆ ಕಪಾಟಲ್ಲಿದ್ರೂ ಕಿಡ್ನಿ ಅನ್ನೋ ಪದ ಎಲ್ಲೂ ಇಲ್ಲ. ಸರಿ ಮಾಡ್ಕೊಡಿ ಅಂತ ಕೇಳಿದ್ರೆ ಕೌಂಟರ್‌ನಲ್ಲಿದ್ದ ಹುಡುಗ, ಈಗ್ಯಾಕೆ ಸಾರ್ ಅದೆಲ್ಲಾ, ಇನ್ಶೂರೆನ್ಸ್ ಏನಾದ್ರೂ ಇತ್ತಾ ಅಂದ.

ಒಬ್ಬ ಓದುಗ, ತುಮಕೂರು ಜಿಲ್ಲೆ