ಕೊಂಡುಕುರಿಯನ್ನು ಉರುಳಿನಿಂದ ಉಳಿಸಿ

ಮಾನ್ಯ ಸಂಪಾದಕರೇ,

ನಾಲ್ಕು ಕೊಂಬಿನ ಪುಟ್ಟ ಹುಲ್ಲೆಯಾದ ಕೊಂಡುಕುರಿಯ ರಕ್ಷಣೆಗೆಂದೇ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ನಮ್ಮ ಬರದ ಸೀಮೆಗೆ ಇದು ಹೆಮ್ಮೆಯ ವಿಷಯ.

ಮೆಕ್ಕೆಜೋಳ, ಶೇಂಗಾ ಬೆಳೆಯುವ ರೈತರಿಗೆ ಕಾಡುಹಂದಿಯ ಕಾಟವಿರುವುದು ನಿಜ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಹಂದಿಗೆಂದು ಕಟ್ಟಿದ ತಂತಿಯ ಉರುಳು ಯಾವ ಪ್ರಾಣಿಯ ಕುತ್ತಿಗೆಯನ್ನೂ ಬಿಡುವುದಿಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಓಡಾಡುವ ಕೊಂಡುಕುರಿ ಆಗಾಗ ನೀರು ಕುಡಿಯಲೇಬೇಕು. ಬೇಸಿಗೆಯಲ್ಲಿ ಕಾಡಿನ ಹೊಂಡ ಬತ್ತಿದರೆ ಅದು ಹೊಲದಂಚಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಬೇಟೆಯಾಡಿದವರಿಗೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯಂತೆ ದಂಡ ಕನಿಷ್ಠ 25 ಸಾವಿರ ರೂಪಾಯಿ. ಇದನ್ನು ಗ್ರಾಮಸಭೆಗಳಲ್ಲಿ ಓದಿ ಹೇಳುವವರು ಬೇಕು.

ಅರಣ್ಯ ಇಲಾಖೆ ಕೊಯ್ಲಿಗೆ ಮುಂಚೆಯೇ ಗಸ್ತು ಹೆಚ್ಚಿಸಿ ಉರುಳುಗಳನ್ನು ಹುಡುಕಿ ತೆಗೆಯಲಿ. ಬೇಸಿಗೆಗೆ ಮುನ್ನ ಕಾಳ್ಗಿಚ್ಚು ಹರಡದಂತೆ ಹುಲ್ಲು-ತರಗೆಲೆ ತೆಗೆದ ಬೆಂಕಿರೇಖೆ, ಕಾಡಿನೊಳಗೆ ತುಂಬಿದ ನೀರಿನ ತೊಟ್ಟಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆಹಾನಿ ಪರಿಹಾರಕ್ಕಾಗಿ ರೈತರನ್ನು ಅಲೆದಾಡಿಸಬಾರದು. ಹಣ ಸಕಾಲಕ್ಕೆ ಕೈಸೇರಿದರೆ ಉರುಳು ಬಿಚ್ಚಲು ರೈತರೇ ಮುಂದೆ ಬರುತ್ತಾರೆಂಬ ನಂಬಿಕೆ ನನಗಿದೆ.

— ಓರ್ವ ಓದುಗ, ಜಗಳೂರು