ಐದು ಸಾವಿರದೊಳಗಿನ ಕಳವು

ಮಾನ್ಯರೇ,

ನಮ್ಮ ಪಕ್ಕದ ಮನೆ ಅಜ್ಜಿಯ ಮೊಬೈಲನ್ನು ಸಂತೆಯಲ್ಲಿ ಯಾರೋ ಎಗರಿಸಿದರು. ಸ್ಟೇಷನ್‌ಗೆ ನಾನೂ ಜೊತೆಗೆ ಹೋಗಿದ್ದೆ. ‘ಬೆಲೆ ಎಷ್ಟು?’ ಎಂದರು. ‘ಮೂರೂವರೆ ಸಾವಿರ’ ಎಂದೆವು. ಎಫ್‌ಐಆರ್ ಆಗಲಿಲ್ಲ, ಎನ್‌ಸಿಆರ್ (ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧದ ದೂರು ದಾಖಲೆ) ಬರೆದುಕೊಂಡು ಕಳಿಸಿದರು. ಸುಮ್ನೆ ಸಾಗಹಾಕಿದರು ಅಂದುಕೊಂಡೆ. ಆಮೇಲೆ ಓದಿ ನೋಡಿದರೆ ಕಾನೂನೇ ಹಾಗಿದೆ.

ಹಳೆಯ ಐಪಿಸಿಯಲ್ಲಿ (ಭಾರತೀಯ ದಂಡ ಸಂಹಿತೆ) ನೂರು ರೂಪಾಯಿ ಕದ್ದರೂ ಅದು ಸಂಜ್ಞೇಯ ಅಪರಾಧ. ಅಂದರೆ ಕೋರ್ಟಿನ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಿತ್ತು. 2024ರ ಜುಲೈ 1ರಂದು ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 303ನೇ ಸೆಕ್ಷನ್ ಪ್ರಕಾರ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಸಿಕ್ಕಿಬಿದ್ದು ಶಿಕ್ಷೆಯಾದವರು ಅದನ್ನು ಹಿಂತಿರುಗಿಸಿದರೆ ಸಮುದಾಯ ಸೇವೆಯಷ್ಟೇ ಶಿಕ್ಷೆ. ಒಳ್ಳೆಯದೇ. ಹೊಟ್ಟೆಪಾಡಿಗೆ ಕದ್ದ ಹುಡುಗನನ್ನು ಜೈಲಿಗೆ ಹಾಕಿ ಏನು ಬಂತು?

ಆದರೆ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲಿ ಇಂಥ ಕಳವನ್ನು ಅಸಂಜ್ಞೇಯ ಎಂದು ಸೇರಿಸಿದ್ದಾರೆ. ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಕಳ್ಳನೇ ಸಿಗದಿದ್ದರೆ ಅವನು ಹೊಸಬನೋ ಹಳೇ ಹುಲಿಯೋ ಗೊತ್ತಾಗುವುದು ಹೇಗೆ? ಅದೇ ಫೋನ್ ಬಸ್ಸಿನಲ್ಲಿ ಕಳವಾಗಿದ್ದರೆ, ವಾಹನದೊಳಗಿನ ಕಳವಿಗೆಂದೇ ನ್ಯಾಯ ಸಂಹಿತೆಯಲ್ಲಿರುವ 305ನೇ ಸೆಕ್ಷನ್. ಆಗ ಬೆಲೆಯ ಲೆಕ್ಕವೇ ಇಲ್ಲ, ಎಫ್‌ಐಆರ್ ಹಾಕಲೇಬೇಕು. ವಿಚಿತ್ರ ಅಲ್ವಾ?

ಅಜ್ಜಿಗೆ ಮೂರೂವರೆ ಸಾವಿರ ಅಂದರೆ ಹತ್ತಿರ ಹತ್ತಿರ ಮೂರು ತಿಂಗಳ ಪಿಂಚಣಿ. ಕೋರ್ಟಿಗೆ ಹೋಗಿ ಆದೇಶ ತರುವ ಶಕ್ತಿ ಅವರಿಗೆಲ್ಲಿದೆ? ಶಿಕ್ಷೆ ಹಗುರವಾಗಿಯೇ ಇರಲಿ. ಕಳ್ಳನನ್ನು ಹುಡುಕುವುದಕ್ಕೂ ಐದು ಸಾವಿರದ ಗೆರೆ ಎಳೆದಿರುವುದನ್ನು ಮಾತ್ರ ಸರ್ಕಾರ ಅಳಿಸಲಿ.

– ಓದುಗ, ಹಾಸನ