ಕ್ಷೇತ್ರಕ್ಕೆ ಹೊರಡುವ ಮುಂಚೆ ಮಗಳಿಗೊಂದು ಕಾಗದ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ವಿಧಾನಸಭಾ ಚುನಾವಣೆಗೆ ನಿಲ್ಲೋ ನೀನು ಕಳಿಸಿದ ಭರವಸೆಗಳ ಪಟ್ಟಿ ಓದಿದೆ. ಒಟ್ಟು 23 ಅಂಶ. ಅದರಲ್ಲಿ ಶಾಸಕಿಯ ಕೈಗೆ ನೇರವಾಗಿ ಎಟುಕುವುದು ಐದೋ ಆರೋ. ಉಳಿದವು ಪಂಚಾಯಿತಿಯವು, ಹಾಲು ಒಕ್ಕೂಟದವು, ಕರೆಂಟಿನ ಕಂಪನಿ ಬೆಸ್ಕಾಂನವು, ಎರಡು ದಿಲ್ಲಿಯವು. ನಮ್ಮ ಕೋಲಾರದ ಕಡೆ ಜನ ತಲೆ ಆಡಿಸಿ ಕೇಳ್ತಾರೆ, ಆಮೇಲೆ ಟೀ ಅಂಗಡೀಲಿ ನಗ್ತಾರೆ. ಪ್ರತಿ ಅಂಶದ ಪಕ್ಕ ಒಂದು ಗೀಟು ಎಳೆದು, ಅದು ಯಾರ ಸಹಿಗೆ ಆಗುವ ಕೆಲಸ ಅಂತ ಬರೆದುಕೋ. ನಿನ್ನ ಸಹಿಯಲ್ಲದ್ದಕ್ಕೆ "ಮಾಡಿಸ್ತೀನಿ" ಅನ್ನಬೇಡ, "ಇಂಥ ಕಡೆ ಕೇಳ್ತೀನಿ" ಅನ್ನು.

ಮೊದಲು ದುಡ್ಡಿನ ಮಾತು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಕ್ಷೇತ್ರದಲ್ಲಿ 30 ಪಂಚಾಯಿತಿ ಅಂತಿಟ್ಟುಕೋ, ಒಂದೊಂದಕ್ಕೆ 6 ಲಕ್ಷದ 66 ಸಾವಿರ. ಪಂಚಾಯಿತಿಗೆ ಎಂಟು ಹಳ್ಳಿಯಾದರೆ ಹಳ್ಳಿಗೆ 83 ಸಾವಿರ ಚಿಲ್ಲರೆ. ಒಂದು ಗಲ್ಲಿಗೆ ನೆಟ್ಟಗೆ ಕಾಂಕ್ರೀಟ್ ಹಾಕಿ ಮುಗಿಯಲ್ಲ. ಅದೂ ಕಂತಿನಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಬರುತ್ತೆ. ಕಾಮಗಾರಿ ಸೂಚಿಸೋದಷ್ಟೇ ನಿನ್ನ ಕೆಲಸ. ಊರೂರಿಗೆ ಸಮುದಾಯ ಭವನ ಅಂತ ಬರೆದಿದ್ದೀಯಲ್ಲ, ಹೊಡೆದುಹಾಕು. ಅದರ ಜತೆಗೇ ಇನ್ನೊಂದು: ಯಾರೋ ಕೇಳಿದರು ಅಂತ ಗುಡಿಗೆ ಗೋಪುರ, ಮಸೀದಿಗೆ ಕಾಂಪೌಂಡು ಸ್ವಂತ ಖರ್ಚಲ್ಲಿ ಕಟ್ಟಿಸಿಕೊಡ್ತೀನಿ ಅಂತ ಬಾಯಿ ಬಿಟ್ಟರೆ, ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ನಿನಲ್ಲಿ ಅದು ಲಂಚ ಅಂತಾಗಬಹುದು. ಗೆದ್ದ ಮೇಲೂ ಅದರ ಮೇಲೆ ತಕರಾರು ಅರ್ಜಿ ಹಾಕ್ತಾರೆ.

ನಿಜವಾಗಿ ನಿನ್ನ ಕೈಯಲ್ಲಿರೋದು ಬಗರ್ ಹುಕುಂ, ಅಂದರೆ ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನು ಉಳುತ್ತಾ ಬಂದವರಿಗೆ ಅದನ್ನ ಸಕ್ರಮ ಮಾಡಿಕೊಡೋದು. ನಿನ್ನ ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು: "ಎಲ್ಲರಿಗೂ ಸಾಗುವಳಿ ಚೀಟಿ", ಅಂದರೆ ಜಮೀನು ಮಂಜೂರಾದ ಪತ್ರ. ಆ ಸಾಲೇ ನಿನ್ನನ್ನ ಮುಳುಗಿಸೋದು.

ಸಕ್ರಮೀಕರಣ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. 50, 53, 57 ಅಂತ ಮೂರು ನಮೂನೆಯ ಅರ್ಜಿಗಳಿವೆ. ಮೊದಲೆರಡರವರು 1990ರ ಏಪ್ರಿಲ್ 14ಕ್ಕಿಂತ ಮುಂಚಿನ ಸಾಗುವಳಿ ತೋರಿಸಬೇಕು, 57ರವರು 2005ರ ಜನವರಿ 1ಕ್ಕಿಂತ ಮುಂಚಿನದ್ದು. ಈಗ ಉಪಗ್ರಹ ಚಿತ್ರ ಇಟ್ಟುಕೊಂಡು ನೋಡ್ತಾರೆ, ಮೊನ್ನೆ ಮೊನ್ನೆ ಜಾಲಿ ಕಡಿದು ಉತ್ತವರು ಅಲ್ಲೇ ಸಿಕ್ಕಿಬೀಳ್ತಾರೆ. ಅರಣ್ಯದ ಜಾಗ, ಕೆರೆಯಂಗಳ, ಊರು ಪಟ್ಟಣದ ಸುತ್ತ ಕಾಯ್ದೆ ಹೇಳಿದ ಅಂತರದೊಳಗಿನ ಜಾಗ, ಇವನ್ನ ಸಮಿತಿ ಮುಟ್ಟೋ ಹಾಗಿಲ್ಲ.

ಬಹುಪಾಲು ಅರ್ಜಿ ನಿಲ್ಲೋದು ಗೋಮಾಳದಲ್ಲಿ. ನೂರು ಜಾನುವಾರಿಗೆ 30 ಎಕರೆಯಂತೆ ಗೋಮಾಳ ಉಳಿಸಲೇಬೇಕು. ಊರಲ್ಲಿ 400 ದನ ಇದ್ದರೆ 120 ಎಕರೆ ಆಯಿತು. ಗೋಮಾಳ ಇರೋದೇ 150 ಅಂದರೆ, ಎಷ್ಟೇ ಅರ್ಜಿ ಬಂದಿರಲಿ, ಮಿಕ್ಕೋದು 30. ಈ ಲೆಕ್ಕ ಹಾಕದೆ ಸಮಿತಿ ಮಂಜೂರು ಮಾಡಿದರೆ ಆಮೇಲೆ ಮೇಲಿನ ಕಚೇರಿಯಲ್ಲಿ ರದ್ದಾಗುತ್ತೆ, ಅಷ್ಟರಲ್ಲಿ ರೈತ ಅಲ್ಲಿ ಬೋರು ಕೊರೆಸಿ ಸಾಲ ಮಾಡಿರ್ತಾನೆ. ಸಾಗುವಳಿ ಚೀಟಿ ಕೈಗೆ ಬಂದರೂ ಮುಗಿಯಲ್ಲ. ಪೋಡಿ ಆಗಿ, ಅಂದರೆ ಅಳತೆ ಮಾಡಿ ಅವನ ಭಾಗ ಬೇರೆ ಮಾಡಿ, ಪ್ರತ್ಯೇಕ ಪಹಣಿ ಬರದಿದ್ದರೆ ಬ್ಯಾಂಕಿನವರು ಸಾಲ ಕೊಡಲ್ಲ. ಹಿಂದೆ ಸರ್ಕಾರ ಮಂಜೂರು ಮಾಡಿದ ಹಳೇ ದರಖಾಸ್ತು ಜಮೀನಿಗೆ ಪೋಡಿ ಆಗದಿರೋದಕ್ಕೆ ದೊಡ್ಡ ಕಾರಣ ಮೂಲ ಮಂಜೂರಾತಿ ಕಡತ ಕಳೆದುಹೋಗಿರೋದು.

ಆದ್ದರಿಂದ ನಿನ್ನ ಮಾತು ಹೀಗಿರಲಿ: ತಿಂಗಳಿಗೊಂದು ಸಭೆ, ತಿರಸ್ಕಾರವಾದರೆ ಕಾರಣ ಬರಹದಲ್ಲಿ, ಪಟ್ಟಿ ಪಂಚಾಯಿತಿ ಬಾಗಿಲಿಗೆ, ಮಂಜೂರಾದದ್ದಕ್ಕೆ ಪೋಡಿಯಾಗುವ ತನಕ ಬೆನ್ನು ಹತ್ತೋದು. ಇಷ್ಟು ಹೇಳಿದರೆ ಚಪ್ಪಾಳೆ ಕಮ್ಮಿಯೇ ಬೀಳುತ್ತೆ. ಬೀಳಲಿ. ಪ್ರಚಾರಕ್ಕೆ ಹೋಗೋ ಪ್ರತಿ ಊರಿನ ಗೋಮಾಳ ಎಷ್ಟು, ದನ ಎಷ್ಟು ಅಂತ ಚೀಟಿ ಜೇಬಲ್ಲಿರಲಿ.

ಪರಿಶಿಷ್ಟರಿಗೆ ಮಂಜೂರಾದ ಜಮೀನು ಬೇರೆಯವರ ಪಾಲಾಗದಂತೆ ತಡೆಯೋ 1978ರ ಕಾಯ್ದೆ, ಅದೇ ಪಿಟಿಸಿಎಲ್, ಅದಕ್ಕೆ 2023ರಲ್ಲಿ ಆದ ತಿದ್ದುಪಡಿ, ಇದರ ಪ್ರಶ್ನೆ ಬಂದೇ ಬರುತ್ತೆ. ಕೇರಿಯಲ್ಲಿ ಒಂದು, ಊರೊಳಗೆ ಇನ್ನೊಂದು ಹೇಳಬೇಡ. ತೆಲುಗಿನಲ್ಲಿ ಮಾತಾಡುವ ಊರುಗಳಲ್ಲೂ ಅಷ್ಟೇ. ಭಾಷೆ ಬದಲಾಗಲಿ, ನಿಲುವು ಬೇಡ. ಎಲ್ಲರ ಕೈಯಲ್ಲೂ ಮೊಬೈಲಿದೆ.

ನೀರಿನ ವಿಷಯದಲ್ಲಿ ಪಶ್ಚಿಮ ಘಟ್ಟದ ನೀರನ್ನ ನಮ್ಮ ಕಡೆ ತರೋ ಎತ್ತಿನಹೊಳೆ ಯೋಜನೆಗೆ ತಾರೀಖು ಕೊಡಬೇಡ. 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ. ಅಲ್ಲಿಂದ ನಮ್ಮ ಕೆರೆಗೆ ದಾರಿ ಉದ್ದ. ಬೆಂಗಳೂರಿನ ಕೊಳಚೆಯನ್ನ ಶುದ್ಧಿ ಮಾಡಿ ಕಳಿಸೋ ಕೆ.ಸಿ. ವ್ಯಾಲಿ ನೀರು 2018ರಿಂದ ನಮ್ಮ ಕೆರೆಗಳಿಗೆ ಬರ್ತಿದೆ, ಅಂತರ್ಜಲ ಏರಿದೆ ಅಂತ ಖುಷಿಪಡೋರಿದ್ದಾರೆ, ಕೊಳಚೆ ಅಂತ ಬೈಯೋರೂ ಇದ್ದಾರೆ. ಅದು ಎರಡು ಹಂತ ಮಾತ್ರ ಶುದ್ಧಿಯಾದ ನೀರು. ಮೂರನೇ ಹಂತ ಬೇಕು ಅಂತ ಸದನದಲ್ಲಿ ಕೇಳು, ಕೆರೆ ಪಕ್ಕದ ಕುಡಿಯುವ ಬೋರುಗಳ ಪರೀಕ್ಷಾ ವರದಿ ಪಂಚಾಯಿತಿಯಲ್ಲಿ ಹಾಕಿಸು. ಪೈಪು ನಿಲ್ಲಿಸ್ತೀನಿ ಅಂತಲೂ ಬೇಡ, ನೀರು ಸೊಗಸಾಗಿದೆ ಅಂತಲೂ ಬೇಡ.

ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸೋ ಟಿಡಿಎಸ್ ಮೀಟರು ಅದ್ದಿ ನೋಡಿದರೆ ಅದು ಗೊತ್ತಾಗಲ್ಲ, ಕುದಿಸಿದರೆ ಹೋಗಲ್ಲ. ಹೊಸ ಶುದ್ಧ ನೀರಿನ ಘಟಕ ಅನ್ನೋದಕ್ಕಿಂತ ಕೆಟ್ಟು ನಿಂತಿರೋದನ್ನ ಎಣಿಸು. ನೀರು ಸೋಸೋ ಮೆಂಬ್ರೇನ್ ಬದಲಿಸೋರು ಯಾರು ಅಂತ ಗೊತ್ತುಮಾಡದೆ ಉದ್ಘಾಟನೆ ಮಾಡಿರ್ತಾರೆ, ಕಾಯಿನ್ ಹಾಕೋ ಡಬ್ಬಿ ತುಕ್ಕು ಹಿಡಿದಿರುತ್ತೆ. ಕೆರೆ ಹೂಳೆತ್ತೋ ಮಾತಾಡುವಾಗ ಅಚ್ಚುಕಟ್ಟು, ಅಂದರೆ ಆ ಕೆರೆ ನೀರು ಹಾಯೋ ಜಮೀನು ಎಷ್ಟು ಅಂತ ಕೇಳಿಕೋ: 40 ಹೆಕ್ಟೇರಿನವರೆಗೆ ಪಂಚಾಯತ್ ರಾಜ್, ಅದಕ್ಕೆ ಮೇಲಾದರೆ ಸಣ್ಣ ನೀರಾವರಿ. ಏರಿ ಮೇಲಿನ ಜಾಲಿ, ಕೆಟ್ಟ ತೂಬು, ಒತ್ತುವರಿಯಾದ ರಾಜಕಾಲುವೆ ಬಿಟ್ಟು ಬರೀ ಹೂಳೆತ್ತಿದರೆ ಗುಂಡಿ ಆಗುತ್ತೆ, ಕೆರೆ ಆಗಲ್ಲ. ಒತ್ತುವರಿ ನಮ್ಮವರದ್ದೂ ಇದೆ ಅನ್ನೋದು ನೆನಪಿರಲಿ.

ಹಾಲಿನ ದರ ಒಕ್ಕೂಟದ್ದು. ಸರ್ಕಾರದ್ದು ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. ಅದು ತಿಂಗಳುಗಟ್ಟಲೆ ತಡವಾದರೆ ಸದನದಲ್ಲಿ ಮಂತ್ರಿ ಬಾಯಲ್ಲೇ ಉತ್ತರ ಕೊಡಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಹಾಕೋದು ನಿನ್ನ ಕೆಲಸ. ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಅಂತ ನಿಯಮವಿದೆ, ಅದನ್ನೇ ಹಿಡಿದು ಇಲಾಖೆಗಳ ಪ್ರಗತಿ ನೋಡೋ ಕೆಡಿಪಿ ಸಭೆಯಲ್ಲಿ ಕೇಳು. ಕಿರಾಣಿ ಅಂಗಡೀಲಿ ಮದ್ಯದ ಪ್ಯಾಕೆಟ್ ಮಾರೋದನ್ನ ನಿಲ್ಲಿಸು ಅಂತ ಹೆಂಗಸರು ಕೇಳಿಯೇ ಕೇಳ್ತಾರೆ. ಗಂಡಸು ಅಭ್ಯರ್ಥಿಗಳು ಅಲ್ಲಿ ಮಾತು ತಿರುಗಿಸ್ತಾರೆ. ನೀನು ತಿರುಗಿಸಬೇಡ, ಆದರೆ ಮೊದಲು ನಮ್ಮ ಪಕ್ಷದ ಬೂತಿನವರಲ್ಲಿ ಯಾರ ಅಂಗಡಿ ಇದೆ ಅಂತ ನೋಡಿಕೊಂಡು ಹೋಗು.

ಲೆಕ್ಕದ ಮಾತು ಬೇಗ ಹೇಳ್ತೀನಿ. ಖರ್ಚಿನ ಮಿತಿ 40 ಲಕ್ಷ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ಆಸ್ತಿ, ಕೇಸುಗಳ ವಿವರ ಕೊಡೋ 26ನೇ ನಮೂನೆಯ ಪ್ರಮಾಣಪತ್ರದಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡ, ಇಲ್ಲದಿದ್ದರೆ "ಇಲ್ಲ" ಅಂತ ಬರೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹಳಾಗಬಹುದು, ಸೋತವರಿಗೂ ಅದೇ ನಿಯಮ.

ಪಟ್ಟಿ ತಿದ್ದಿ ಮತ್ತೆ ಕಳಿಸು. ಹನ್ನೆರಡಕ್ಕಿಂತ ಹೆಚ್ಚು ಇದ್ದರೆ ನಾನು ಓದಲ್ಲ.

ಇಂತಿ,
ನಿನ್ನ ದೊಡ್ಡಪ್ಪ